ಶುಶ್ರೂಷೆಯೂ ಸಂಶೋಧನೆಯೂ

ದೀರ್ಘಕಾಲ ಹಾಸಿಗೆ ಹಿಡಿದ ವೃದ್ಧರನ್ನು ಮನೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ನೋಡಿಕೊಂಡವರಿಗೆ ಹಾಸಿಗೆ ಹುಣ್ಣಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ದೇಹದ ಭಾರವೆಲ್ಲ ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ ಮೊದಲಾದ ಎಲುಬುಬ್ಬಿದ ಎಡೆಗಳ ಮೇಲೆ ಬಿದ್ದು, ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ, ರಕ್ತದ ಪೋಷಣೆ ತಪ್ಪಿದ ಚರ್ಮವು ಮೊದಲು ಬಣ್ಣಗೆಟ್ಟು, ಬಳಿಕ ಕೊಳೆತು, ಕಡೆಗೆ ಎಲುಬು ಕಾಣುವಷ್ಟು ಆಳಕ್ಕೆ ಬಿರಿಯುವ ಈ ವ್ರಣವು ಎಷ್ಟೋ ವೇಳೆ ಮೊದಲು ಬಂದ ರೋಗಕ್ಕಿಂತಲೂ ಹೆಚ್ಚಿನ ಯಾತನೆಯನ್ನು ಕೊಡುತ್ತದೆ. ಇದನ್ನು ತಡೆಯುವುದಕ್ಕಾಗಿ ಶುಶ್ರೂಷಕಿಯರು ತಲೆಮಾರುಗಳಿಂದ ಶ್ರಮಿಸುತ್ತ ಬಂದಿದ್ದಾರೆ. ಸ್ಪಿರಿಟ್ ಹಚ್ಚಿ ಬೆನ್ನನ್ನು ಉಜ್ಜಿದ್ದಾರೆ, ಪೌಡರ್ ಹಾಕಿದ್ದಾರೆ, ಇಂಗ್ಲೆಂಡಿನ ವಾರ್ಡುಗಳಲ್ಲಿ ಹುಣ್ಣಿಗೆ ಮೊಟ್ಟೆಯ ಬಿಳಿಯನ್ನು ಬಳಿದು ಅದರ ಮೇಲೆ ಆಮ್ಲಜನಕವನ್ನು ಹಾಯಿಸಿದ್ದೂ ಉಂಟು. ಇವೆಲ್ಲವೂ ಶ್ರದ್ಧೆಯಿಂದ ನಡೆದ ಕಾರ್ಯಗಳೇ. ಆದರೆ ಶ್ರದ್ಧೆಯಿಂದ ಮಾಡಿದುದೆಲ್ಲವೂ ಫಲಕಾರಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಒತ್ತಡಕ್ಕೆ ಸಿಕ್ಕಿ ಕೆಂಪಾದ ಚರ್ಮವನ್ನು ಬಲವಾಗಿ ಉಜ್ಜಿದರೆ ಅದರ ಅಡಿಯ ಅಂಗಾಂಶಕ್ಕೆ ಹಾನಿಯೇ ಆದೀತೆಂದು ಇಂದಿನ ಮಾರ್ಗಸೂಚಿಗಳು ಎಚ್ಚರಿಸುತ್ತವೆ.

ಯಾವ ಆರೈಕೆಯು ರೋಗಿಗೆ ನಿಜವಾಗಿ ಹಿತವನ್ನುಂಟುಮಾಡುತ್ತದೆ, ಯಾವುದು ಬರಿಯ ರೂಢಿಯ ಬಲದಿಂದ ಉಳಿದುಬಂದಿದೆ ಎಂಬುದನ್ನು ವಿವೇಚಿಸುವ ಕ್ರಮಬದ್ಧವಾದ ಮಾರ್ಗಕ್ಕೆ ಶುಶ್ರೂಷಾ ಸಂಶೋಧನೆಯೆಂದು ಹೆಸರು. ಈ ಶಾಸ್ತ್ರದಲ್ಲಿ ಚರ, ಪ್ರಾಕ್ಕಲ್ಪನೆ, ಪ್ರತಿದರ್ಶ, ವಿಶ್ವಸನೀಯತೆ, ಸಿಂಧುತ್ವ ಎಂದು ಮುಂತಾಗಿ ಪರಿಭಾಷೆಯ ಒಂದು ದೊಡ್ಡ ಸಂಗ್ರಹವೇ ಇದ್ದು, ನರ್ಸಿಂಗ್ ಕಾಲೇಜಿನ ಎಷ್ಟೋ ಮಂದಿ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗೆಂದು ಕಂಠಪಾಠಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುವುದು ಶೋಚನೀಯ. ಏಕೆಂದರೆ, ಈ ಮಾತುಗಳಲ್ಲಿ ಒಂದೊಂದೂ, ತಾನು ಕಾಣಬಯಸಿದ್ದನ್ನೇ ಕಾಣುವ ಮನುಷ್ಯಸ್ವಭಾವಕ್ಕೆ ಎದುರಾಗಿ, ಅನುಭವವೇ ಕಲಿಸಿಕೊಟ್ಟ ಒಂದೊಂದು ಎಚ್ಚರಿಕೆ.

ಇಂತಹ ಎಚ್ಚರಿಕೆ ಏಕೆ ಬೇಕೆಂಬುದಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನವೇ ಉತ್ತಮ ನಿದರ್ಶನ. 1854ರ ನವೆಂಬರಿನಲ್ಲಿ ಅವರು 38 ಮಂದಿ ಶುಶ್ರೂಷಕಿಯರೊಡನೆ ಕ್ರೈಮಿಯಾ ಯುದ್ಧದ ಗಾಯಾಳುಗಳ ಸೇವೆಗೆಂದು ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಯನ್ನು ಸೇರಿದರೆಂಬುದನ್ನೂ, ರಾತ್ರಿಯ ಹೊತ್ತು ದೀಪವನ್ನು ಹಿಡಿದು ರೋಗಿಗಳ ನಡುವೆ ಸಂಚರಿಸುತ್ತಿದ್ದರೆಂಬುದನ್ನೂ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅವರು ಬಂದೊಡನೆ ಅಲ್ಲಿಯ ಸಾವುಗಳು ಇಳಿಯಲಿಲ್ಲ. ಆ ಚಳಿಗಾಲದಲ್ಲಿ ಅವು ಏರುತ್ತಲೇ ಹೋಗಿ, 1855ರ ಫೆಬ್ರುವರಿಯಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರ ಪೈಕಿ ಶೇಕಡ ಸುಮಾರು 42 ಮಂದಿ ಮೃತರಾದರು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯ ಆಯೋಗದವರು ಆಸ್ಪತ್ರೆಯ ಅಡಿಯಲ್ಲಿ ಕಟ್ಟಿಕೊಂಡಿದ್ದ ಚರಂಡಿಗಳನ್ನು ತೊಳೆಯಿಸಿ, ಗಾಳಿಯ ಸಂಚಾರಕ್ಕೆ ಅನುವುಮಾಡಿಕೊಟ್ಟರು. ಜೂನ್ ತಿಂಗಳ ವೇಳೆಗೆ ಸಾವಿನ ಪ್ರಮಾಣವು ಶೇಕಡ 2ರ ಸಮೀಪಕ್ಕೆ ಇಳಿದಿತ್ತು. ಯುದ್ಧಾನಂತರ ಸ್ವದೇಶಕ್ಕೆ ಮರಳಿದ ನೈಟಿಂಗೇಲ್ ಅವರು ತಮ್ಮ ಕೀರ್ತಿಯನ್ನು ನೆಚ್ಚಿ ಕೂರದೆ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಸೈನ್ಯದ ದಾಖಲೆಗಳನ್ನು ಪರಿಶೋಧಿಸಿ, ಸೈನಿಕರಲ್ಲಿ ಬಹುಮಂದಿ ಶತ್ರುಗಳ ಗುಂಡಿನಿಂದ ಸತ್ತಿರದೆ ತಡೆಯಬಹುದಾಗಿದ್ದ ರೋಗಗಳಿಂದ ಸತ್ತಿದ್ದರೆಂಬುದನ್ನು ತೋರಿಸಿಕೊಟ್ಟರು. ಯುದ್ಧವಿಲ್ಲದ ಕಾಲದಲ್ಲಿ ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲಿದ್ದ ಸೈನಿಕರ ಮರಣಪ್ರಮಾಣವನ್ನು ಅದೇ ವಯಸ್ಸಿನ ನಾಗರಿಕರ ಮರಣಪ್ರಮಾಣದೊಡನೆ ಹೋಲಿಸಿ, ಅದು ಸುಮಾರು ಇಮ್ಮಡಿಯಾಗಿದೆಯೆಂದು ಸಾರಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯರನ್ನಾಗಿ ಚುನಾಯಿಸಿತು. ಭಾರತಕ್ಕೆ ಎಂದೂ ಕಾಲಿಡದಿದ್ದರೂ ಅವರು ಇಲ್ಲಿಯ ದಂಡಿನ ಠಾಣ್ಯಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸುವ ಏರ್ಪಾಡಿನಲ್ಲಿ ಭಾಗಿಗಳಾಗಿ, ಬಂದ ಉತ್ತರಗಳನ್ನು ವಿಶ್ಲೇಷಿಸಿದರು. 1863ರ ರಾಯಲ್ ಕಮಿಷನ್ನಿನ ವರದಿಯು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರೆಂಬುದನ್ನು ಬಯಲಿಗೆ ತಂದಿತು.

ಈ ವೃತ್ತಾಂತದಲ್ಲಿ ಸಂಶೋಧನೆಯ ಮೊದಲ ಪಾಠಗಳೆಲ್ಲ ಅಡಕವಾಗಿವೆ. ಕಂಡುದನ್ನು ಕಂಡಂತೆ ಬರೆದಿಟ್ಟರೆ ಅದು ದತ್ತಾಂಶ. ಸತ್ತವರ ಸಂಖ್ಯೆಯೊಂದನ್ನೇ ಹೇಳಿದರೆ ಏನೂ ತಿಳಿಯದು. ಎಷ್ಟು ಮಂದಿಯಲ್ಲಿ, ಎಷ್ಟು ಕಾಲದಲ್ಲಿ ಎಂಬುದನ್ನು ಕೂಡಿಸಿದಾಗ ಮಾತ್ರ ಅದು ಪ್ರಮಾಣವಾಗುತ್ತದೆ. ಪ್ರಮಾಣಕ್ಕೂ ಮತ್ತೊಂದು ಪ್ರಮಾಣದ ಹೋಲಿಕೆಯಿಲ್ಲದೆ ಅರ್ಥವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಚರಂಡಿಯನ್ನು ತೊಳೆಸಿದ ತರುವಾಯ ಸಾವು ಇಳಿಯಿತೆಂದ ಮಾತ್ರಕ್ಕೆ ಅದರಿಂದಲೇ ಇಳಿಯಿತೆಂದು ಕಣ್ಣುಮುಚ್ಚಿ ಹೇಳಲಾಗದು. ಅದೇ ತಿಂಗಳುಗಳಲ್ಲಿ ಚಳಿ ಹಿಂಜರಿದಿತ್ತು, ಆಹಾರ ವಸ್ತ್ರಗಳ ಸರಬರಾಜು ಸುಧಾರಿಸಿತ್ತು. ನಾವು ಪರೀಕ್ಷಿಸುತ್ತಿರುವ ಕಾರಣದ ಜೊತೆಗೇ ನಮಗೆ ತಿಳಿಯದಂತೆ ಕೆಲಸಮಾಡುವ ಇಂತಹ ಸಂಗತಿಗಳನ್ನು ಬಾಹ್ಯ ಚರಗಳೆನ್ನುತ್ತಾರೆ. ಸಂಶೋಧನೆಯ ವಿಧಾನಗಳೆಲ್ಲವೂ ಬಹುಮಟ್ಟಿಗೆ ಇವುಗಳನ್ನು ಹಿಡಿತದಲ್ಲಿಡುವ ಉಪಾಯಗಳೇ ಆಗಿವೆ.

ಚರವೆಂದರೆ ವ್ಯಕ್ತಿಯಿಂದ ವ್ಯಕ್ತಿಗೆ, ಸಂದರ್ಭದಿಂದ ಸಂದರ್ಭಕ್ಕೆ ಬದಲಾಗುವ ಯಾವುದೇ ಗುಣ ಅಥವಾ ಪರಿಮಾಣ: ವಯಸ್ಸು, ತೂಕ, ನೋವು, ನಿದ್ರೆ, ಮಗ್ಗುಲು ಬದಲಿಸುವ ಅಂತರ. ಸಂಶೋಧಕರು ತಾವಾಗಿ ಬದಲಿಸಿ ನೋಡುವುದು ಸ್ವತಂತ್ರ ಚರ. ಅದರ ಪರಿಣಾಮವಾಗಿ ಬದಲಾಗುವುದೆಂದು ನಿರೀಕ್ಷಿಸುವುದು ಅವಲಂಬಿ ಚರ. ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದರೆ ಹುಣ್ಣು ಕಡಿಮೆಯಾದೀತೇ ಎಂದು ಕೇಳಿದಾಗ ತಿರುಗಿಸುವ ಅವಧಿಯು ಸ್ವತಂತ್ರ ಚರ, ಹುಣ್ಣಿನ ಉತ್ಪತ್ತಿಯು ಅವಲಂಬಿ ಚರ. ಆದರೆ ಹುಣ್ಣೆಂದರೆ ಯಾವುದು? ಬರಿಯ ಕೆಂಪು ಹುಣ್ಣೇ, ಚರ್ಮ ಕಿತ್ತುಬಂದರೆ ಮಾತ್ರ ಹುಣ್ಣೇ? ಇಬ್ಬರು ಶುಶ್ರೂಷಕಿಯರು ಎರಡು ಅರ್ಥದಲ್ಲಿ ಎಣಿಸಿದರೆ ಲೆಕ್ಕವೇ ಕೆಡುತ್ತದೆ. ಆದುದರಿಂದ ಅಳೆಯತಕ್ಕ ವಸ್ತುವನ್ನು ಹೇಗೆ ಗುರುತಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ಬರೆದಿಡಬೇಕು; ಇದೇ ಕಾರ್ಯಾತ್ಮಕ ವ್ಯಾಖ್ಯೆ. ಬೆರಳಿನಿಂದ ಒತ್ತಿದಾಗಲೂ ಮಾಯವಾಗದ ಕೆಂಪನ್ನು ಹಾಸಿಗೆ ಹುಣ್ಣಿನ ಮೊದಲನೆಯ ಹಂತವೆಂದು ಎಣಿಸುವುದು ಇಂತಹ ವ್ಯಾಖ್ಯೆಗಳಲ್ಲೊಂದು. ಇದು ಬಿಳಿಯ ಚರ್ಮದ ಮೇಲೆ ಸುಲಭವಾಗಿ ಸಲ್ಲುವ ಲಕ್ಷಣ; ನಮ್ಮಂತಹ ಕಂದು, ಕಪ್ಪು ಬಣ್ಣದ ಚರ್ಮದ ಮೇಲೆ ಕೆಂಪು ಸ್ಫುಟವಾಗಿ ತೋರದ ಕಾರಣ, ಸುತ್ತಲಿನ ಭಾಗಕ್ಕಿಂತ ಆ ಎಡೆ ಬಿಸಿಯಾಗಿದೆಯೇ, ಗಡುಸಾಗಿದೆಯೇ, ಮುಟ್ಟಿದರೆ ನೋಯುವುದೇ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ. ವ್ಯಾಖ್ಯೆಯನ್ನು ಪರದೇಶದ ಪುಸ್ತಕದಿಂದ ಹಾಗೆಯೇ ಎತ್ತಿಕೊಂಡರೆ ನಮ್ಮ ರೋಗಿಯ ಹುಣ್ಣು ಲೆಕ್ಕಕ್ಕೇ ಬಾರದೆ ಹೋದೀತು.

ಅಳತೆಯ ಸಾಧನಕ್ಕೆ ಎರಡು ಗುಣಗಳು ಅವಶ್ಯ. ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದಾಗ, ಇಲ್ಲವೆ ಇಬ್ಬರು ಬೇರೆ ಬೇರೆಯಾಗಿ ಅಳೆದಾಗ, ಒಂದೇ ಉತ್ತರವನ್ನು ಕೊಡುವುದು ವಿಶ್ವಸನೀಯತೆ. ಅಳೆಯಬೇಕಾದುದನ್ನೇ ಅಳೆಯುವುದು ಸಿಂಧುತ್ವ. ಸದಾ ಒಂದು ಡಿಗ್ರಿ ಹೆಚ್ಚಾಗಿ ತೋರಿಸುವ ಥರ್ಮಾಮೀಟರ್ ಪ್ರತಿಸಲವೂ ಒಂದೇ ಅಂಕಿಯನ್ನು ಕೊಡುವುದರಿಂದ ವಿಶ್ವಸನೀಯವೇ. ಆದರೆ ಜ್ವರವಿಲ್ಲದವನಿಗೂ ಜ್ವರವನ್ನು ಕಾಣಿಸುವುದರಿಂದ ಅದಕ್ಕೆ ಸಿಂಧುತ್ವವಿಲ್ಲ. ಶುಶ್ರೂಷಾ ಸಂಶೋಧನೆಯ ಚರಿತ್ರೆಯಲ್ಲಿ ಅಳತೆಯ ಸಾಧನವೊಂದನ್ನು ಶುಶ್ರೂಷಕಿಯೇ ರೂಪಿಸಿ ಲೋಕಕ್ಕೆ ಕೊಟ್ಟ ಸ್ಮರಣೀಯ ಪ್ರಸಂಗವು ಹಾಸಿಗೆ ಹುಣ್ಣಿಗೇ ಸಂಬಂಧಿಸಿದ್ದು. ಇಂಗ್ಲೆಂಡಿನ ಡೊರೀನ್ ನಾರ್ಟನ್ ಅವರು ಮೆಕ್ಲಾರೆನ್ ಹಾಗೂ ವೈದ್ಯ ಎಕ್ಸ್‌ಟನ್ ಸ್ಮಿತ್ ಅವರೊಡಗೂಡಿ ವೃದ್ಧರೋಗಿಗಳ ಆರೈಕೆಯನ್ನು ಕುರಿತು ನಡೆಸಿದ ಅಧ್ಯಯನವು 1962ರಲ್ಲಿ ಪ್ರಕಟವಾಯಿತು. ರೋಗಿಯ ಶಾರೀರಿಕ ಸ್ಥಿತಿ, ಮಾನಸಿಕ ಸ್ಥಿತಿ, ನಡೆದಾಟ, ಅಂಗಚಲನೆ, ಮಲಮೂತ್ರಗಳ ಮೇಲಣ ಹಿಡಿತ ಎಂಬ ಐದು ಅಂಶಗಳಿಗೆ ಒಂದರಿಂದ ನಾಲ್ಕರವರೆಗೆ ಅಂಕಗಳನ್ನು ಕೊಟ್ಟು ಕೂಡಿಸಿದರೆ 5ರಿಂದ 20ರವರೆಗಿನ ಒಂದು ಮೊತ್ತ ಬರುತ್ತದೆ. ಅದು 14ಕ್ಕೆ ಇಳಿದರೆ, ಇಲ್ಲವೆ ಅದಕ್ಕಿಂತಲೂ ಕೆಳಗಾದರೆ, ಹುಣ್ಣಾಗುವ ಅಪಾಯವುಂಟೆಂದು ತಿಳಿಯತಕ್ಕದ್ದು. ಅಂಕ ಇಳಿದಂತೆಲ್ಲ ಹುಣ್ಣಾದವರ ಪ್ರಮಾಣ ಏರುತ್ತ ಹೋದುದನ್ನು ಅವರು ಕಂಡರು. ಬಗೆಬಗೆಯ ಲೇಪಗಳಿಗಿಂತ ಒತ್ತಡವನ್ನು ತಪ್ಪಿಸುವುದೇ ಮುಖ್ಯವೆಂಬುದನ್ನೂ ಕಂಡರು. ಲೇಪನದ ಸೀಸೆಯಿಂದ ರೋಗಿಯ ಚಲನೆಯ ಕಡೆಗೆ ಶುಶ್ರೂಷೆಯ ದೃಷ್ಟಿಯನ್ನು ತಿರುಗಿಸಿದ ಕಾರ್ಯವಿದು.

ಅದೇ ಎಕ್ಸ್‌ಟನ್ ಸ್ಮಿತ್ ಅವರು ಶೆರ್ವಿನ್ ಎಂಬುವರೊಡನೆ 1961ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ವೃದ್ಧರೋಗಿಗಳು ರಾತ್ರಿಯ ನಿದ್ರೆಯಲ್ಲಿ ತಾವಾಗಿ ಎಷ್ಟು ಸಲ ಮಿಸುಕುತ್ತಾರೆಂಬುದನ್ನು ಯಂತ್ರದ ಸಹಾಯದಿಂದ ಎಣಿಸಲಾಯಿತು. ಐವತ್ತಕ್ಕೂ ಹೆಚ್ಚು ಸಲ ಅಲುಗಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಇಪ್ಪತ್ತು ಸಲ ಅಥವಾ ಅದಕ್ಕೂ ಕಡಿಮೆ ಅಲುಗಾಡಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಹುಣ್ಣಾಯಿತು. ಒಂದು ಏರಿದಾಗ ಇನ್ನೊಂದು ಇಳಿಯುವ, ಅಥವಾ ಎರಡೂ ಜೊತೆಗೂಡಿ ಏರುವ ಇಂತಹ ನಂಟಿಗೆ ಸಹಸಂಬಂಧವೆಂದು ಹೆಸರು. ಸಹಸಂಬಂಧವು ಎಷ್ಟೇ ಗಾಢವಾಗಿದ್ದರೂ ಅದೊಂದರಿಂದಲೇ ಕಾರ್ಯಕಾರಣಭಾವವು ಸಿದ್ಧಿಸುವುದಿಲ್ಲ. ಹೆಚ್ಚು ನಿತ್ರಾಣರಾದವರು ಅಲುಗಾಡದೆ ಇರುವುದೂ, ಅವರ ಚರ್ಮವು ಬೇಗನೆ ಕೆಡುವುದೂ ಮೂರನೆಯ ಒಂದು ಕಾರಣದಿಂದ ಆಗಿರಬಹುದು. ಆದಕಾರಣ ಸಹಸಂಬಂಧದಿಂದ ಹೊಳೆದುದನ್ನು ಪ್ರಯೋಗದಿಂದ ಪರಿಶೀಲಿಸಬೇಕಾಗುತ್ತದೆ.

ಪ್ರಯೋಗಕ್ಕೆ ಮುನ್ನ ಸಂಶೋಧಕರು ತಮ್ಮ ನಿರೀಕ್ಷೆಯನ್ನು ಪರೀಕ್ಷೆಗೆ ಒಳಪಡುವಂತಹ ವಾಕ್ಯವನ್ನಾಗಿ ನುಡಿಯಬೇಕು, ಅದು ಪ್ರಾಕ್ಕಲ್ಪನೆ. ಎರಡು ಕ್ರಮಗಳ ನಡುವೆ ವ್ಯತ್ಯಾಸವೇ ಇಲ್ಲವೆಂದು ಹೇಳುವುದು ಶೂನ್ಯ ಪ್ರಾಕ್ಕಲ್ಪನೆ. ವ್ಯತ್ಯಾಸವಿದೆಯೆಂದು ನಂಬಿ ಹೊರಟವರೇ ವ್ಯತ್ಯಾಸವಿಲ್ಲವೆಂಬ ವಾಕ್ಯವನ್ನು ಮುಂದಿಟ್ಟುಕೊಂಡು, ಪುರಾವೆಯ ಬಲದಿಂದ ಅದನ್ನು ಉರುಳಿಸಲು ಯತ್ನಿಸುವ ಈ ಪದ್ಧತಿಯಲ್ಲಿ ಒಂದು ನೈತಿಕವಾದ ವಿನಯವಿದೆ. ಪ್ರಯೋಗದಲ್ಲಿ ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ವೈದ್ಯರಾಗಲಿ, ಶುಶ್ರೂಷಕಿಯಾಗಲಿ, ರೋಗಿಯಾಗಲಿ ಆರಿಸದೆ ಚೀಟಿಯೆತ್ತುವಂತಹ ಯಾದೃಚ್ಛಿಕ ಕ್ರಮಕ್ಕೆ ಬಿಡುವುದರಿಂದ, ತಿಳಿದ ಹಾಗೂ ತಿಳಿಯದ ಬಾಹ್ಯ ಚರಗಳೆಲ್ಲ ಎರಡು ಗುಂಪುಗಳಿಗೂ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. 2013ರಲ್ಲಿ ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಕೆನಡಾದ ವೃದ್ಧಾಶ್ರಯಗಳ 942 ಮಂದಿಯ ಮೇಲೆ ನಡೆಸಿದ ಇಂತಹ ಪ್ರಯೋಗವನ್ನು ಪ್ರಕಟಿಸಿದರು. ಉತ್ತಮ ದರ್ಜೆಯ ಫೋಮ್ ಹಾಸಿಗೆಯ ಮೇಲೆ ಮಲಗಿದವರನ್ನು ಎರಡು, ಮೂರು, ನಾಲ್ಕು ಗಂಟೆಗಳಿಗೊಮ್ಮೆ ತಿರುಗಿಸಿದಾಗ ಹುಣ್ಣಿನ ಪ್ರಮಾಣದಲ್ಲಿ ಗಣನೀಯವಾದ ಭೇದವು ಕಾಣಲಿಲ್ಲ. ದಶಕಗಳಿಂದ ಪಾಲಿಸಿಕೊಂಡು ಬಂದ ಎರಡು ಗಂಟೆಯ ನಿಯಮವೂ ಹೀಗೆ ಪುನರ್ವಿಚಾರಕ್ಕೆ ಒಳಗಾಯಿತು.

ಹಾಗಾದರೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೂ ನಾಲ್ಕು ಗಂಟೆಗೊಮ್ಮೆ ತಿರುಗಿಸಿದರೆ ಸಾಕೆಂದು ತೀರ್ಮಾನಿಸಬಹುದೇ? ಇಲ್ಲಿ ಸಮಷ್ಟಿ ಮತ್ತು ಪ್ರತಿದರ್ಶಗಳ ವಿಚಾರ ಬರುತ್ತದೆ. ಯಾರನ್ನು ಕುರಿತು ತಿಳಿಯಬೇಕೋ ಅವರೆಲ್ಲರೂ ಸೇರಿ ಸಮಷ್ಟಿ. ಅವರೊಳಗಿಂದ ಅಧ್ಯಯನಕ್ಕೆಂದು ಆಯ್ದುಕೊಂಡವರು ಪ್ರತಿದರ್ಶ. ಪ್ರತಿದರ್ಶವು ಸಮಷ್ಟಿಯ ಗುಣಗಳನ್ನು ಎಷ್ಟರಮಟ್ಟಿಗೆ ಪ್ರತಿನಿಧಿಸುತ್ತದೆಯೋ ಅಷ್ಟರಮಟ್ಟಿಗೆ ಮಾತ್ರ ಅದರ ಫಲಿತವನ್ನು ವಿಸ್ತರಿಸಬಹುದು. ಉತ್ತರ ಅಮೆರಿಕದ ಫೋಮ್ ಹಾಸಿಗೆಯ ಮೇಲೆ ಸಿದ್ಧವಾದ ಸತ್ಯವು ಗಂಟುಗಟ್ಟಿದ ಹತ್ತಿಯ ಹಾಸಿಗೆಯ ಮೇಲೆ, ಪೋಷಣೆ ಸಾಲದ ಶರೀರಕ್ಕೆ, ಬೇಸಗೆಯ ಬೆವರಿಗೆ ಸಿದ್ಧವಾಗಿಲ್ಲ. ಇಂತಹ ಪ್ರಶ್ನೆಗಳಿಗೆ ಉತ್ತರವನ್ನು ನಮ್ಮ ವಾರ್ಡುಗಳಲ್ಲಿಯೇ ಹುಡುಕಬೇಕು.

ಹೊಸ ಆರೈಕೆಯನ್ನು ಪಡೆದ ಪ್ರಾಯೋಗಿಕ ಗುಂಪಿಗೆ ಎದುರಾಗಿ ಅದನ್ನು ಪಡೆಯದ ನಿಯಂತ್ರಣ ಗುಂಪನ್ನು ಇಡುವಲ್ಲಿಯೂ ಜಾಣ್ಮೆ ಬೇಕು. 1978ರಲ್ಲಿ ಜೆನಿಫರ್ ಬೂರ್ ಅವರು ಪ್ರಕಟಿಸಿದ ಸಂಶೋಧನೆಯಲ್ಲಿ, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಮುಂದೆ ನಡೆಯುವುದೆಲ್ಲವನ್ನೂ ತಿಳಿಯಹೇಳಿ, ಉಸಿರಾಟದ ಹಾಗೂ ಕಾಲುಗಳ ವ್ಯಾಯಾಮವನ್ನು ಕಲಿಸಿದರೆ ದೇಹದ ಮೇಲಿನ ಒತ್ತಡ ತಗ್ಗುವುದೇ ಎಂಬ ಪ್ರಶ್ನೆಯಿತ್ತು. ಒಂದು ಗುಂಪಿನ ಬಳಿ ಕುಳಿತು ಮಾತನಾಡಿ ಇನ್ನೊಂದನ್ನು ಒಂಟಿಯಾಗಿ ಬಿಟ್ಟಿದ್ದರೆ, ಬಂದ ಫಲವು ತಿಳಿವಳಿಕೆಯದೋ, ಬಳಿಯಲ್ಲೊಬ್ಬರು ಕುಳಿತು ಮಾತನಾಡಿದ ಸಮಾಧಾನದ್ದೋ ಎಂಬುದು ತಿಳಿಯುತ್ತಿರಲಿಲ್ಲ. ಆದುದರಿಂದ ನಿಯಂತ್ರಣ ಗುಂಪಿನವರೊಡನೆಯೂ ಸಾಮಾನ್ಯ ವಿಷಯಗಳ ಸಂಭಾಷಣೆಯನ್ನು ನಡೆಸಲಾಯಿತು. ಒತ್ತಡವನ್ನು ಅಳೆಯಲು ಮೂತ್ರದಲ್ಲಿ ವಿಸರ್ಜಿತವಾಗುವ ಸ್ಟೀರಾಯ್ಡ್ ಪದಾರ್ಥಗಳನ್ನು ಪರೀಕ್ಷಿಸಲಾಯಿತು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಚೆನ್ನಾಗಿದ್ದೇನೆಂದು ಹೇಳುವ ಗುಣವು ಮೂತ್ರಕ್ಕಿಲ್ಲ. ತಿಳಿವಳಿಕೆಯನ್ನು ಪಡೆದವರಲ್ಲಿ ಆ ಪದಾರ್ಥಗಳ ಏರಿಕೆ ಕಡಿಮೆಯಾಗಿತ್ತು. ಆಪರೇಷನ್ನಿನ ಹಿಂದಿನ ದಿನ ಶುಶ್ರೂಷಕಿ ಆಡುವ ನಾಲ್ಕು ಮಾತು ಉಪಚಾರದ ಮಾತಾಗಿ ನಿಲ್ಲದೆ ಚಿಕಿತ್ಸೆಯ ಅಂಗವೇ ಆಗುತ್ತದೆಂಬುದು ಇದರಿಂದ ಸ್ಥಿರಪಟ್ಟಿತು.

ಎಣಿಸಿದ ಅಂಕಿಗಳನ್ನು ಅರ್ಥೈಸುವಾಗ ಸಂಖ್ಯಾಶಾಸ್ತ್ರವು ಬೆಂಬಲಕ್ಕೆ ಬರುತ್ತದೆ. ಪ್ರಬಂಧಗಳಲ್ಲಿ ಮೇಲಿಂದ ಮೇಲೆ ಕಾಣುವ ಪಿ ಎಂಬ ಅಂಕಿಯು, ವಾಸ್ತವವಾಗಿ ವ್ಯತ್ಯಾಸವೇ ಇಲ್ಲದಿದ್ದ ಪಕ್ಷದಲ್ಲಿ ಇಷ್ಟು ದೊಡ್ಡ, ಅಥವಾ ಇದಕ್ಕೂ ದೊಡ್ಡ ಅಂತರವು ಬರಿಯ ಆಕಸ್ಮಿಕದಿಂದ ತೋರಿಬರುವ ಸಂಭವವೆಷ್ಟು ಎಂಬುದನ್ನು ಸೂಚಿಸುತ್ತದೆ. ರೊನಾಲ್ಡ್ ಫಿಷರ್ ಅವರ 1925ರ ಗ್ರಂಥದಿಂದ ಪ್ರಚಾರಕ್ಕೆ ಬಂದ 0.05 ಎಂಬ ಗಡಿಯು ಅನುಕೂಲಕ್ಕಾಗಿ ಒಪ್ಪಿಕೊಂಡ ವಾಡಿಕೆ. ಈ ಗಡಿಯನ್ನು ದಾಟಿದ ಫಲಿತಾಂಶವೆಲ್ಲವೂ ರೋಗಿಗೆ ಮುಖ್ಯವೆಂದು ಭಾವಿಸುವುದು ತಪ್ಪು. ನೋವಿನ ಹತ್ತು ಅಂಕಗಳಲ್ಲಿ ಕಾಲಂಶದ ಇಳಿಕೆಯು ಲೆಕ್ಕದಲ್ಲಿ ಸಾರ್ಥಕವಾಗಿದ್ದರೂ ನರಳುವವನಿಗೆ ನಿರರ್ಥಕವೇ ಆಗಿರಬಹುದು.

ಪ್ರಯೋಗಕ್ಕೆ ಒಗ್ಗದ ಪ್ರಶ್ನೆಗಳೂ ಉಂಟು. ಒಬ್ಬ ಶುಶ್ರೂಷಕಿಗೆ ಹತ್ತು ರೋಗಿಗಳನ್ನು ವಹಿಸಿ, ಎಷ್ಟು ಮಂದಿ ಸಾಯುತ್ತಾರೋ ನೋಡೋಣವೆಂದು ಯಾರೂ ಪ್ರಯೋಗ ಮಾಡಲಾಗದು. ಅಲ್ಲಿ ಇರುವುದನ್ನು ಇರುವಂತೆ ಅಳೆದು, ಬಾಹ್ಯ ಚರಗಳನ್ನು ಲೆಕ್ಕಾಚಾರದಿಂದ ಸರಿದೂಗಿಸಬೇಕು. ಲಿಂಡಾ ಐಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಪಡೆದ 2,32,342 ರೋಗಿಗಳನ್ನು ಕುರಿತು 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆಲ್ಲ, ಸೇರಿದ 30 ದಿನಗಳೊಳಗಿನ ಸಾವಿನ ಸಂಭವವು ಶೇಕಡ 7ರಂತೆ ಹೆಚ್ಚುವುದನ್ನು ತೋರಿಸಿತು. ಕೆಲಸ ಹೆಚ್ಚಾಯಿತೆಂಬ ಶುಶ್ರೂಷಕಿಯರ ಅಳಲು ಅವರ ಸೌಕರ್ಯದ ಪ್ರಶ್ನೆಯೊಂದೇ ಅಲ್ಲವೆಂದೂ, ರೋಗಿಯ ಪ್ರಾಣವೇ ಅದರಲ್ಲಿ ಅಡಗಿದೆಯೆಂದೂ ಅಧಿಕಾರಸ್ಥರ ಮುಂದೆ ಹೇಳಲು ಆಧಾರ ದೊರೆತದ್ದು ಇಂತಹ ಅಧ್ಯಯನಗಳಿಂದ.

ಅಂಕಿಗಳಿಗೆ ನಿಲುಕದ ಪ್ರದೇಶವೂ ಒಂದುಂಟು. ಸಾಯುತ್ತಿರುವವನಿಗೆ ತಾನು ಸಾಯುತ್ತಿರುವೆನೆಂಬುದು ತಿಳಿದಿದೆಯೇ, ತಿಳಿದಿದ್ದರೆ ಅವನೂ ಸುತ್ತಲಿನವರೂ ಅದನ್ನು ಹೇಗೆ ನಿರ್ವಹಿಸುತ್ತಾರೆ ಎಂಬ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಅವರು, ಶುಶ್ರೂಷಕಿಯಾಗಿದ್ದ ಜೀನ್ ಕ್ವಿಂಟ್ ಅವರೊಡನೆ, ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದ ಆಸ್ಪತ್ರೆಗಳಲ್ಲಿ ಪರಿಶೀಲಿಸಿದರು. ರೋಗಿಗೆ ತಿಳಿಯದೆ ಇರುವುದು, ಅವನು ಸಂಶಯಪಡುವುದು, ಇಬ್ಬರಿಗೂ ತಿಳಿದಿದ್ದೂ ತಿಳಿಯದಂತೆ ನಟಿಸುವುದು, ಎಲ್ಲವೂ ಬಯಲಾಗಿರುವುದು ಎಂಬ ನಾಲ್ಕು ಸಂದರ್ಭಗಳನ್ನು ಅವರು ಗುರುತಿಸಿದರು. ಕ್ಯಾನ್ಸರಿನ ಸುದ್ದಿಯನ್ನು ಮನೆಯ ಹಿರಿಯರಿಂದ ಮುಚ್ಚಿಡುವ ನಮ್ಮ ಕುಟುಂಬಗಳಿಗೆ ಇವುಗಳಲ್ಲಿ ಒಂದೂ ಅಪರಿಚಿತವಲ್ಲ. ಸಂದರ್ಶನ, ಅವಲೋಕನಗಳ ಮೂಲಕ ಅನುಭವದ ಅರ್ಥವನ್ನು ಅರಸುವ ಈ ಮಾರ್ಗಕ್ಕೆ ಗುಣಾತ್ಮಕ ಸಂಶೋಧನೆಯೆಂದೂ, ಅಳತೆಯನ್ನು ಆಶ್ರಯಿಸಿದ ಮಾರ್ಗಕ್ಕೆ ಪರಿಮಾಣಾತ್ಮಕ ಸಂಶೋಧನೆಯೆಂದೂ ಹೆಸರು. ಮೊದಲನೆಯದರಲ್ಲಿ ನೂರಾರು ಜನರ ಪ್ರತಿದರ್ಶ ಬೇಕಾಗುವುದಿಲ್ಲ. ಹೊಸದಾಗಿ ಮಾತನಾಡಿಸಿದವರಿಂದ ಹೊಸ ಸಂಗತಿ ಹೊರಡದೆ ಹೋದಾಗ ದತ್ತಾಂಶವು ಪರ್ಯಾಪ್ತವಾಯಿತೆಂದು ನಿಲ್ಲಿಸುತ್ತಾರೆ.

ಇಷ್ಟೆಲ್ಲ ವಿಧಾನಗಳನ್ನು ಬಲ್ಲವರೂ ತಪ್ಪಬಾರದ ಮೊದಲ ಧರ್ಮವೆಂದರೆ ರೋಗಿಯ ಸಮ್ಮತಿ. ಅಮೆರಿಕದ ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಉಪದಂಶ ರೋಗದ ಗತಿಯನ್ನು ಅರಿಯುವುದಕ್ಕೆಂದು ಸುಮಾರು 600 ಮಂದಿ ಕಪ್ಪು ಜನಾಂಗದ ಬಡ ಪುರುಷರನ್ನು, ಅವರಿಗೆ ನಿಜವನ್ನು ತಿಳಿಸದೆಯೇ, ಅವಲೋಕನೆಯಲ್ಲಿಟ್ಟುಕೊಂಡಿದ್ದು, ಪೆನಿಸಿಲಿನ್ ಬಂದ ಮೇಲೂ ರೋಗಿಗಳಿಗೆ ಅದನ್ನು ಕೊಡದೆ ಹೋದ ಘೋರ ಪ್ರಸಂಗದಲ್ಲಿ, ಆ ಜನರ ವಿಶ್ವಾಸವನ್ನು ಗಳಿಸಿ ಅವರನ್ನು ಅಧ್ಯಯನದಲ್ಲಿ ಉಳಿಸಿಕೊಂಡವರು ಯೂನಿಸ್ ರಿವರ್ಸ್ ಎಂಬ ಶುಶ್ರೂಷಕಿ. ರೋಗಿಯು ಶುಶ್ರೂಷಕಿಯ ಮೇಲಿಡುವ ನಂಬಿಕೆಯೇ ಅವನ ಅಹಿತಕ್ಕೆ ಸಾಧನವಾಗಬಹುದೆಂಬ ಈ ಕಹಿ ಸತ್ಯವನ್ನು ಸಂಶೋಧನೆಗೆ ತೊಡಗುವ ಪ್ರತಿಯೊಬ್ಬರೂ ನೆನಪಿಡಬೇಕು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಗಳು, ಅಧ್ಯಯನದ ಉದ್ದೇಶವನ್ನೂ ಅಪಾಯಗಳನ್ನೂ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದೂ, ಓದುಬಾರದವರ ಸಮ್ಮತಿಯನ್ನು ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರ ಸಮ್ಮುಖದಲ್ಲಿ ಪಡೆಯಬೇಕೆಂದೂ ವಿಧಿಸುತ್ತವೆ. ಒಲ್ಲೆನೆನ್ನುವ ಹಕ್ಕು, ನಡುವೆಯೇ ಹೊರಬರುವ ಹಕ್ಕು ರೋಗಿಗೆ ಸದಾ ಉಂಟು. ಅದರಿಂದ ಅವರ ಚಿಕಿತ್ಸೆಗೆ ಕಿಂಚಿತ್ತೂ ಕುಂದು ಬರಕೂಡದು.

ಕರ್ನಾಟಕಕ್ಕೂ ಈ ವಿಷಯಕ್ಕೂ ನಿಕಟವಾದ ನಂಟಿದೆ. ನೂರಾರು ನರ್ಸಿಂಗ್ ಕಾಲೇಜುಗಳನ್ನು ಹೊಂದಿದ ನಾಡು ನಮ್ಮದು. ಭಾರತೀಯ ಶುಶ್ರೂಷಾ ಪರಿಷತ್ತು ಪಿಎಚ್.ಡಿ. ಪದವಿಗೆಂದು ರಚಿಸಿದ ರಾಷ್ಟ್ರೀಯ ಒಕ್ಕೂಟವು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಹಯೋಗದಿಂದಲೇ ನಡೆದುಬಂದಿದೆ. ಎಂ.ಎಸ್ಸಿ. ನರ್ಸಿಂಗಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರೌಢಪ್ರಬಂಧವನ್ನು ಬರೆಯಬೇಕು. ಆದರೆ ಇವುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಯಾವುದಾದರೊಂದು ವಿಷಯವನ್ನು ಕುರಿತು ಜನರ ಜ್ಞಾನವನ್ನು ಪ್ರಶ್ನಾವಳಿಯಿಂದ ಅಳೆದು, ರಚನಾಬದ್ಧವಾದ ಬೋಧನಾ ಕಾರ್ಯಕ್ರಮವೊಂದನ್ನು ನಡೆಸಿ, ಕೆಲವು ದಿನಗಳ ತರುವಾಯ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟು, ಅಂಕಗಳು ಹೆಚ್ಚಿದವೆಂದು ಸಾರುವುದು. ಪಾಠ ಹೇಳಿದ ಮೇಲೆ ಅಂಕ ಹೆಚ್ಚುವುದರಲ್ಲಿ ಆಶ್ಚರ್ಯವೇನೂ ಇಲ್ಲ; ಹೋಲಿಕೆಗೆ ನಿಯಂತ್ರಣ ಗುಂಪಿಲ್ಲದಿದ್ದರೆ ಆ ಹೆಚ್ಚಳದ ಬೆಲೆಯೂ ಕಡಿಮೆ; ತಿಳಿದವರು ತಿಳಿದಂತೆ ನಡೆದರೇ, ಅದರಿಂದ ರೋಗಿಗೆ ಹಿತವಾಯಿತೇ ಎಂಬ ಮುಖ್ಯ ಪ್ರಶ್ನೆಯಂತೂ ಕೇಳದೆಯೇ ಉಳಿಯುತ್ತದೆ. ಈ ಯುವಜನರಲ್ಲಿ ಬುದ್ಧಿಗಾಗಲಿ ಶ್ರದ್ಧೆಗಾಗಲಿ ಕೊರತೆಯಿಲ್ಲ. ಕೊರತೆಯಿರುವುದು ಕಾಲಾವಕಾಶಕ್ಕೆ, ಮಾರ್ಗದರ್ಶನಕ್ಕೆ, ವಾರ್ಡಿನ ದಾಖಲೆಗಳು ಅವರಿಗೆ ದೊರೆಯುವ ವ್ಯವಸ್ಥೆಗೆ.

ನಮ್ಮ ಆಸ್ಪತ್ರೆಗಳಲ್ಲಿ ಇಂತಹ ಕಾರ್ಯವು ಅಸಾಧ್ಯವೇನೂ ಅಲ್ಲ. ಕಡಿಮೆ ತೂಕದ ನವಜಾತ ಶಿಶುವನ್ನು ಹುಟ್ಟಿದೊಡನೆಯೇ ತಾಯಿಯ ಎದೆಗವಚಿ ಇಡುವುದರ ಫಲವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ ಆಫ್ರಿಕದ ನಾಲ್ಕು ದೇಶಗಳೊಡನೆ ಭಾರತವೂ ಪಾಲುಗೊಂಡಿತ್ತು. 28 ದಿನಗಳೊಳಗಿನ ಸಾವುಗಳು ರೂಢಿಯ ಆರೈಕೆಯಲ್ಲಿ ಶೇಕಡ 15.7 ಇದ್ದರೆ ಹೊಸ ಕ್ರಮದಲ್ಲಿ 12ಕ್ಕೆ ಇಳಿದವು. ಬಡ ದೇಶಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಉತ್ತರವು ಜಗತ್ತಿನ ಆರೈಕೆಯನ್ನೇ ತಿದ್ದಿತು. ಜ್ಞಾನಾಂಕಗಳ ಏರಿಳಿತವನ್ನು ಅಳೆಯುವ ಪ್ರಬಂಧಗಳಲ್ಲಿ ಹತ್ತರಲ್ಲೊಂದಾದರೂ ವಾರ್ಡಿನ ಹುಣ್ಣುಗಳನ್ನು, ಸೋಂಕುಗಳನ್ನು, ರೋಗಿಗಳ ಬೀಳುವಿಕೆಯನ್ನು, ನೋವನ್ನು ಅಳೆಯುವಂತಾದರೆ, ಅದರ ಫಲವನ್ನು ಕನ್ನಡದಲ್ಲಿ ಬರೆದು ಅದೇ ವಾರ್ಡಿನ ಗೋಡೆಗೆ ಅಂಟಿಸುವಂತಾದರೆ, ಪರಿಭಾಷೆಯು ಪರೀಕ್ಷೆಯ ಹೊರೆಯಾಗಿ ಉಳಿಯದೆ ವೃತ್ತಿಯ ಬಲವಾಗುತ್ತದೆ. ರೋಗಿಯ ಬಳಿ ದಿನದ ಇಪ್ಪತ್ನಾಲ್ಕು ಗಂಟೆಯೂ ಇರತಕ್ಕವರು ಶುಶ್ರೂಷಕಿಯರು. ವೈದ್ಯರ ಕಣ್ಣಿಗೆ ಬೀಳದ ಎಷ್ಟೋ ಸಂಗತಿಗಳು ಅವರ ಕಣ್ಣಿಗೆ ಬೀಳುತ್ತವೆ. ಆ ಕಂಡುದನ್ನು ಪ್ರಶ್ನೆಯನ್ನಾಗಿಸುವ ಧೈರ್ಯವನ್ನೂ, ಉತ್ತರವನ್ನು ಅರಸುವ ವಿಧಾನವನ್ನೂ, ಅದಕ್ಕೆ ಬೇಕಾದ ಬಿಡುವನ್ನೂ ಅವರಿಗೆ ಒದಗಿಸುವುದು ಆಸ್ಪತ್ರೆಗಳನ್ನು ನಡೆಸುವವರೆಲ್ಲರ ಕರ್ತವ್ಯ; ಅದನ್ನು ಕೇಳಿ ಪಡೆಯುವುದು, ಒಂದಲ್ಲ ಒಂದು ದಿನ ರೋಗಿಗಳಾಗಿ ಅವರ ಆರೈಕೆಗೆ ಒಳಗಾಗುವ ನಮ್ಮೆಲ್ಲರ ಹಕ್ಕು.